ಆಫ್‌ಸೈಡಿಗೆ ಎತ್ತಿದ ಕೈ

ಮದ್ದೂರಿನ ಮೈದಾನದಲ್ಲಿ ಅಂದು ಸೋತವರು ಹನ್ನೊಂದು ಮಂದಿ ಹುಡುಗರು. ದಂಡನೆಗೆ ಗುರಿಯಾದವನು ಅವರಲ್ಲಿ ಒಬ್ಬನೇ, ಬೆಳಕವಾಡಿಯ ಬೋರೇಗೌಡ. ಅವನು ಮಂಡ್ಯದ ಹೈಸ್ಕೂಲನ್ನು ಕಳೆದುಕೊಂಡ, ವಿದ್ಯಾರ್ಥಿನಿಲಯದ ಅನ್ನವನ್ನು ಕಳೆದುಕೊಂಡ, ಹೆತ್ತ ತಂದೆಯ ನಂಬಿಕೆಯನ್ನು ಕಳೆದುಕೊಂಡ. ಯಾರ ತಪ್ಪಿನಿಂದ ಇಷ್ಟೆಲ್ಲ ನಡೆಯಿತೋ ಅವರು ಸಂಜೆ ಕಾಫಿ ಕುಡಿದು, ಕೋಟಿನ ಧೂಳು ಕೊಡವಿಕೊಂಡು ಮನೆಗೆ ಹೋದರು.

ಹೀಗೆ ಮೊದಲ ಮಾತಿನಲ್ಲೇ ಆರೋಪ ಹೊರಿಸುವುದು ನನ್ನ ಹಳೆಯ ಚಾಳಿ. ಸಾರಿಗೆ ಉಪ್ಪು ಹೆಚ್ಚಾದರೆ ಅದಕ್ಕೆ ಹೊಣೆ ಯಾರೆಂದು ತೀರ್ಮಾನವಾಗುವವರೆಗೆ ನಾನು ಅನ್ನ ಕಲಸುವುದಿಲ್ಲವೆಂದು ನನ್ನ ತಂಗಿ ನೆಂಟರ ಮುಂದೆಲ್ಲ ಹೇಳಿಕೊಂಡು ನಗುತ್ತಾಳೆ. ನಗಲಿ. ಆದರೆ ಈ ಸಂಗತಿಯಲ್ಲಿ ಉಪ್ಪು ಹಾಕಿದ ಕೈಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇದನ್ನೆಲ್ಲ ಈಗ ಕೆದಕಿದ್ದು ಒಂದು ಅಳಗುಳಿ ಮಣೆ. ನಾನು ಪಾಠ ಹೇಳುವ ಮಂಡ್ಯದ ಹೆಣ್ಣುಮಕ್ಕಳ ಶಾಲೆಗೆ ಆಟದ ಬಯಲಿಲ್ಲ. ಏಕಿಲ್ಲವೆಂದು ಮೇಲಿನವರನ್ನು ಕೇಳಿದೆ. ಹೆಣ್ಣುಮಕ್ಕಳಿಗೆ ಬಯಲೇಕೆ ಎಂದು ಅವರು ನನ್ನನ್ನೇ ಕೇಳಿದರು. ಉತ್ತರ ಬರುವವರೆಗೆ ಮಕ್ಕಳು ಸುಮ್ಮನೆ ಕೂರಬಾರದಲ್ಲ, ಮಳವಳ್ಳಿಯ ನಮ್ಮ ಮನೆಯ ಅಟ್ಟದಿಂದ ಅಜ್ಜಿಯ ಮಣೆಯನ್ನು ಇಳಿಸಿ ತಂದೆ. ಹಲಸಿನ ಮರದ್ದು, ಬೆರಳು ತಾಗಿ ತಾಗಿ ಗುಳಿಗಳೆಲ್ಲ ಎಣ್ಣೆ ಹಚ್ಚಿದಂತೆ ನುಣುಪಾಗಿವೆ. ಮೊನ್ನೆ ಮಧ್ಯಾಹ್ನದ ಬಿಡುವಿನಲ್ಲಿ ಇಬ್ಬರು ಹುಡುಗಿಯರು ಅದರ ಮುಂದೆ ಕುಳಿತಿದ್ದರು. ಒಬ್ಬಳು ಸರದಿ ತಪ್ಪಿಸಿ ಹುಣಸೆ ಬೀಜ ಹಂಚಿದಳು. ಇನ್ನೊಬ್ಬಳು ಜಗಳವಾಡಲಿಲ್ಲ, ಬಲಗೈಯನ್ನು ನೆಟ್ಟಗೆ ಮೇಲೆತ್ತಿ, ನ್ಯಾಯ ಬರುವವರೆಗೆ ಇಳಿಸುವುದಿಲ್ಲವೆಂಬಂತೆ ಹಾಗೆಯೇ ಕುಳಿತಳು. ಆ ಕೈಯನ್ನು ಕಂಡು ನನಗೆ ಪಾಠದ ಗಂಟೆ ಬಾರಿಸಿದ್ದೂ ಕೇಳಿಸಲಿಲ್ಲ.

ನನ್ನ ಬಾಲ್ಯದಲ್ಲಿ ಮಳವಳ್ಳಿಗೆ ಕಾಲ್ಚೆಂಡಾಟವನ್ನು ತಂದವರು ಹವಾಲ್ದಾರ್ ಮೇಷ್ಟ್ರು. ಮಹಾಯುದ್ಧಕ್ಕೆ ಹೋಗಿ ಬದುಕಿ ಬಂದವರು; ಬಂದವರನ್ನು ಮಿಡಲ್ ಸ್ಕೂಲಿನ ಡ್ರಿಲ್ಲಿಗೆ ನೇಮಿಸಿದರು. ಬೆಂಗಳೂರಿನ ದಂಡಿನಲ್ಲಿ ಬಿಳಿಯ ಸಿಪಾಯಿಗಳ ಜೊತೆ ಅವರು ಆ ಆಟ ಕಲಿತಿದ್ದರಂತೆ. ಚೆಂಡು ಶಾಲೆಗೆ ಒಂದೇ. ಅದರ ಹೊಟ್ಟೆಯೊಳಗಿನ ರಬ್ಬರು ಬುರುಡೆಗೆ ಸೈಕಲ್ ಅಂಗಡಿಯಲ್ಲಿ ಗಾಳಿ ತುಂಬಿಸಬೇಕು. ಹೊಲಿಗೆ ಬಿಟ್ಟರೆ ಚಪ್ಪಲಿ ಹೊಲಿಯುವವನ ಬಳಿಗೆ ಒಯ್ಯಬೇಕು. ಆ ಹೊಲಿಯುವವನ ಮಗ ಚೆಂಡು ಬೇಲಿಯಾಚೆ ಬಿದ್ದಾಗ ಓಡಿ ಎತ್ತಿಕೊಡಬಹುದಿತ್ತು, ಒಳಗೆ ಬಂದು ಒದೆಯುವಂತಿರಲಿಲ್ಲ. ಆದಿಕರ್ನಾಟಕ ಶಾಲೆಯ ಹುಡುಗರೂ ಬೇಲಿಯಾಚೆಗೇ. ನಾವು ಹೆಣ್ಣುಮಕ್ಕಳು ಬೇಲಿಯ ಹತ್ತಿರಕ್ಕೂ ಇಲ್ಲ. ಆಟವೆಂದರೆ ಎಲ್ಲರನ್ನೂ ಒಂದುಗೂಡಿಸುವ ಸಾಧನವೆಂದು ವಾರ್ಷಿಕೋತ್ಸವದಲ್ಲಿ ಭಾಷಣ ಮಾತ್ರ ಪ್ರತಿವರ್ಷ ಇರುತ್ತಿತ್ತು.

ಚೆಂಡನ್ನು ಒದೆಯಲು ಯಾರೂ ಕಲಿಸಬೇಕಿಲ್ಲ. ಹುಡುಗರ ತಲೆಗೆ ಹತ್ತದೆ ಉಳಿದದ್ದು ಆಫ್‌ಸೈಡ್ ಎಂಬ ನಿಯಮ. ಎದುರಾಳಿಯ ಗೋಲಿನ ಬಳಿ ಮೊದಲೇ ಹೋಗಿ ಕಾದು ನಿಂತು, ದೂರದಿಂದ ಬಂದ ಚೆಂಡನ್ನು ಸುಲಭವಾಗಿ ಒಳಗೆ ತಳ್ಳಬಾರದು ಎಂಬುದೇ ಅದರ ತಾತ್ಪರ್ಯ. ಚೆಂಡು ತನ್ನ ಕಡೆಗೆ ಒದೆಯಲ್ಪಡುವ ಗಳಿಗೆಯಲ್ಲಿ, ಮುಂದೆ ನಿಂತವನಿಗೂ ಗೋಲಿಗೂ ನಡುವೆ ಎದುರು ಪಕ್ಷದ ಇಷ್ಟು ಜನ ಇರಲೇಬೇಕು, ಇಲ್ಲದಿದ್ದರೆ ಶೀಟಿ. ಹವಾಲ್ದಾರ್ ಮೇಷ್ಟ್ರು ಕಲಿತ ಕಾಲಕ್ಕೆ ಆ ‘ಇಷ್ಟು’ ಎಂದರೆ ಮೂವರು. ಅವರು ಅದನ್ನು ಹಳ್ಳಿಯ ಹುಡುಗರಿಗೆ ಒಂದು ಗುಡಿಯ ಲೆಕ್ಕದಲ್ಲಿ ಹೇಳಿಕೊಟ್ಟರು. ಗೋಲೆಂದರೆ ಗುಡಿ. ಅದನ್ನು ಕಾಯುವ ಗೋಲಿ ದೇವರು. ಹಿಂದಿನ ಇಬ್ಬರು ಬ್ಯಾಕುಗಳಲ್ಲಿ ಒಳಗಿನವನು ಪೂಜಾರಿ, ಹೊರಗಿನವನು ಕಾವಲಿನ ತಳವಾರ. ದೇವರು, ಪೂಜಾರಿ, ತಳವಾರ, ಮೂವರೂ ಎದುರಿಗಿದ್ದರೆ ಬಂದವನು ಭಕ್ತ. ಒಬ್ಬ ಕಡಿಮೆಯಾದರೂ ಬಂದವನು ಕಳ್ಳ. ಗುಡಿಯ ಹೊಸಿಲು ತುಳಿಯುವಂತಿಲ್ಲದವರಿಗೆ ಆ ಲೆಕ್ಕದಲ್ಲಿ ಯಾವ ಹೆಸರಿತ್ತೋ ಮೇಷ್ಟ್ರು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಇದರಲ್ಲೊಂದು ಚಮತ್ಕಾರವಿತ್ತು. ಎದುರಾಳಿ ನುಗ್ಗುವಾಗ ತಳವಾರನಾದವನು ಹಿಂದಕ್ಕೆ ಓಡದೆ, ಸರಕ್ಕನೆ ಮುಂದಕ್ಕೆ ಹೆಜ್ಜೆಯಿಟ್ಟು ಅವನನ್ನು ದಾಟಿ ಆಚೆಗೆ ಬಂದುಬಿಡುವುದು. ಆಗ ಗುಡಿಯೊಳಗೆ ಉಳಿಯುವವರು ದೇವರು ಮತ್ತು ಪೂಜಾರಿ ಮಾತ್ರ. ನುಗ್ಗಿದವನು ತನಗೇ ತಿಳಿಯದಂತೆ ಕಳ್ಳನಾಗುತ್ತಾನೆ. ಆ ಕ್ಷಣದಲ್ಲಿ ಅಲುಗಾಡದೆ ನಿಂತು ಬಲಗೈ ಮೇಲೆತ್ತಬೇಕು, ಶೀಟಿಯವನಿಗೆ ಕಾಣುವಂತೆ. ಸಂಜೆ ಹೊತ್ತು ಮೇಷ್ಟ್ರು ಇದನ್ನು ಮಗ್ಗಿಯಂತೆ ಹೇಳಿಸುತ್ತಿದ್ದದ್ದು ನಮ್ಮ ಜಗಲಿಯವರೆಗೂ ಕೇಳುತ್ತಿತ್ತು.

“ತಳವಾರ ಆಚ್ಗೆ ಬಂದ್ಮೇಲೆ ಒಳ್ಗೆ ಎಷ್ಟ್ ಜನ ಉಳುದ್ರುಲಾ?”

“ಇಬ್ರು ಸಾ.”

“ಇಬ್ರೇ ಇದ್ರೆ?”

“ಕೈ ಎತ್ತಾದು ಸಾ.”

“ಎತ್ಲಾ ಮತ್ತೆ. ಯಾರ ಮಕ ನೋಡ್ತಾ ನಿಂತಿದ್ದೀಯೆ.”

ಆ ತಳವಾರನೇ ಬೋರೇಗೌಡ. ಬೆಳಕವಾಡಿಯಿಂದ ಬಂದು, ಮಳವಳ್ಳಿಯಲ್ಲಿ ನೆಂಟರ ಮನೆಯಲ್ಲಿದ್ದು ಓದುತ್ತಿದ್ದ. ಲೆಕ್ಕದಲ್ಲಿ ತರಗತಿಗೇ ಮುಂದು. ಇಂಗ್ಲಿಷಿನಲ್ಲಿ ಮಾತ್ರ ಎಡವುತ್ತಿದ್ದ. ಆ ಶಾಲೆಯ ಇಂಗ್ಲಿಷ್ ಮೇಷ್ಟರಾಗಿದ್ದ ನನ್ನ ತಂದೆಯ ಬಳಿ ಹೇಳಿಸಿಕೊಳ್ಳಲು ಸಂಜೆ ಬಂದು ಜಗಲಿಯ ತುದಿಯಲ್ಲಿ ಕೂರುತ್ತಿದ್ದ. ನೀರು ಕೇಳಿದರೆ ಅವನಿಗೆ ಹೊರಗಿನ ತಂಬಿಗೆ; ಅದನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಅದು ನಮ್ಮ ಮನೆ. ಮಿಡಲ್ ಸ್ಕೂಲು ಮುಗಿಸಿದ ಒಬ್ಬ ಹುಡುಗನಿಗೆ ಮಂಡ್ಯದ ವಿದ್ಯಾರ್ಥಿನಿಲಯದಲ್ಲಿ ಊಟ ವಸತಿಯ ಸಹಿತ ಸ್ಥಳವೊಂದಿತ್ತು. ಓದಿನಲ್ಲಿ ಜಾಣ, ನಡತೆಯಲ್ಲಿ ಶುದ್ಧ ಎಂದು ಹೆಡ್‌ಮಾಸ್ಟರು ಹೇಳಿದ ಹುಡುಗನಿಗೆ ಅದು. ಆ ವರ್ಷ ಅದು ಬೋರನಿಗೇ ಎಂದು ಊರೆಲ್ಲ ನಂಬಿತ್ತು. ಅವನ ತಂದೆಯಂತೂ ಮಗನಿಗೆಂದು ಕಂಬಳಿಯೊಂದನ್ನು ಆಗಲೇ ನೇಯಿಸಿಟ್ಟಿದ್ದರು.

ನಮ್ಮ ಸೀಮೆಯ ಆಟಗಳಿಗೆಲ್ಲ ಹವಾಲ್ದಾರ್ ಮೇಷ್ಟರೇ ಗುರು, ಅವರದೇ ಶೀಟಿ. ಹೀಗಾಗಿ ಮೂವರ ಲೆಕ್ಕ ತಪ್ಪೆಂದು ತಿಳಿಯುವ ಸಂದರ್ಭವೇ ಬರಲಿಲ್ಲ. ಆ ಮಾಘದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಯ ಶಾಲೆಗಳ ನಡುವೆ ಮೊದಲ ಸಲ ಪಂದ್ಯಗಳಾದವು. ಮದ್ದೂರಿನವರ ಮೇಲಿನ ನಮ್ಮ ಆಟ ಮಳವಳ್ಳಿಯಲ್ಲೇ ನಡೆದು, ಅದಕ್ಕೂ ಮೇಷ್ಟರದೇ ಶೀಟಿಯಾಯಿತು. ಕಡೆಯ ಆಟ ಮದ್ದೂರಿನಲ್ಲಿ, ಮಂಡ್ಯದವರ ಮೇಲೆ.

ನಾನು ಅದನ್ನು ನೋಡಿದ್ದು ಹೇಗೆಂದು ನೀವು ಕೇಳಬಹುದು. ಮದ್ದೂರಿನಲ್ಲಿದ್ದ ಅತ್ತೆಯ ಮನೆಗೆಂದು ಅಪ್ಪ, ಅಜ್ಜಿಯ ಜೊತೆ ಹೊರಟಿದ್ದೆ. ಆಟದ ಹೊತ್ತಿಗೆ ನನ್ನನ್ನೂ ಅತ್ತೆಯನ್ನೂ ಗಾಡಿಯಲ್ಲೇ ಕೂರಿಸಿ, ಕಮಾನಿನ ಪರದೆ ಇಳಿಬಿಟ್ಟು, ಮೈದಾನದ ಪಕ್ಕದ ಗೆರೆಯ ಬಳಿ ಹೊಂಗೆಮರದ ಕೆಳಗೆ ನಿಲ್ಲಿಸಿದರು. ಗಂಡಸರೆಲ್ಲ ಗೋಲಿನ ಹಿಂದೆ ಕುರ್ಚಿ ಹಾಕಿಕೊಂಡರು. ಆಫ್‌ಸೈಡನ್ನು ಸರಿಯಾಗಿ ಕಾಣಬೇಕಾದರೆ ಪಕ್ಕದಿಂದಲೇ ನೋಡಬೇಕು, ಹಿಂದಿನಿಂದ ಕಾಣದು ಎಂದು ಆಮೇಲೆ ತಿಳಿಯಿತು. ಹೆಣ್ಣೆಂದು ಮರೆಗೆ ಸರಿಸಿದ ಕಾರಣ ನನಗೆ ಇಡೀ ಮೈದಾನದಲ್ಲಿ ಎಲ್ಲಕ್ಕಿಂತ ಒಳ್ಳೆಯ ಜಾಗ ದೊರೆಯಿತು. ಪರದೆಯ ತೂತಿನಿಂದ ನ್ಯಾಯಾನ್ಯಾಯ ನೋಡುವ ಅಭ್ಯಾಸ ನನಗೆ ಅಂಟಿದ್ದು ಅಲ್ಲಿಂದಲೇ ಇರಬೇಕು. ಅದೇ ಮರದ ಬೊಡ್ಡೆಗೆ ಒರಗಿ, ಹುಡುಗರನ್ನು ಗಾಡಿಯಲ್ಲಿ ಕರೆತಂದಿದ್ದ ಬೋರನ ತಂದೆಯೂ ಕುಳಿತಿದ್ದರು.

ಮಂಡ್ಯದ ಹುಡುಗ ನುಗ್ಗಿದ. ಬೋರ ಸರಕ್ಕನೆ ಮುಂದೆ ಬಂದ, ಅವನನ್ನು ದಾಟಿದ, ನಿಂತ, ಕೈ ಎತ್ತಿದ. ಹೆಜ್ಜೆ ಎಷ್ಟು ಕರಾರುವಾಕ್ಕಾಗಿತ್ತೆಂದರೆ ಗಾಡಿಯೊಳಗಿದ್ದ ನಾನೂ ಕೈ ಎತ್ತಿದೆ. ಅಂದಿನ ಕೋಟು ತೊಟ್ಟ ರೆಫರಿಯ ಶೀಟಿ ಕೂಗಲಿಲ್ಲ. ಪಾಪದ ಪೂಜಾರಿ ಓಡಿ ಬರುವಷ್ಟರಲ್ಲಿ ಚೆಂಡು ದೇವರನ್ನು ದಾಟಿ ಶಿಂಷಾ ಹೊಳೆಯ ಕಡೆಯ ಇಳಿಜಾರಿನಲ್ಲಿ ಉರುಳುತ್ತಿತ್ತು. ಪೂಜಾರಿಯಾಗಿದ್ದ ಹುಡುಗ ಮಂಡಿಯ ಧೂಳು ಒರೆಸಿಕೊಳ್ಳುತ್ತ ಬಂದು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: “ಎತ್ತರ್‌ಕೆ ಎತ್ಲಾ ಬೋರ, ಆ ಕೋಟ್ನವನ್ಗೆ ಕಾಣ್ಲಿಲ್ಲ ಕಣ್ಲಾ.”

ಬೋರ ಮುಂದಿನ ಸಲ ಇನ್ನೂ ಎತ್ತರಕ್ಕೆ ಎತ್ತಿದ. ತುದಿಗಾಲಲ್ಲಿ ನಿಂತು ಎತ್ತಿದ. ಆ ಕೈಯ ಪಕ್ಕದಿಂದಲೇ ಎರಡನೆಯ ಗೋಲೂ ಹೋಯಿತು. ಹವಾಲ್ದಾರ್ ಮೇಷ್ಟ್ರು ಗೆರೆ ದಾಟಿ ನುಗ್ಗಿ, ರೆಫರಿಯನ್ನು ಮಂಡ್ಯದವರು ಕೊಂಡುಕೊಂಡಿದ್ದಾರೆಂದು ಮಿಲಿಟರಿ ಗಂಟಲಿನಲ್ಲಿ ಸಾರಿದರು. ಮೈಸೂರಿನಲ್ಲಿ ಓದಿ ಬಂದಿದ್ದ ಆ ರೆಫರಿ ಅವರಿಗೆ ಉತ್ತರ ಕೊಡಲಿಲ್ಲ. ಅರ್ಧ ಆಟದ ಬಿಡುವಿನಲ್ಲಿ ನಮ್ಮ ಹೆಡ್‌ಮಾಸ್ಟರನ್ನೂ ಪಂದ್ಯ ಸಮಿತಿಯ ಹಿರಿಯರನ್ನೂ ಕರೆದು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಹಿರಿಯರು ತಲೆದೂಗಿದರು. ಹೆಡ್‌ಮಾಸ್ಟರ ಮುಖ ಬಿಳಚಿಕೊಂಡಿತು. ಮೈದಾನದಲ್ಲಿ ಬಾಯಾರಿ ನಿಂತ ಹುಡುಗರಿಗೆ ಯಾರೂ ಏನನ್ನೂ ಹೇಳಲಿಲ್ಲ. ಅವರು ಮತ್ತೆ ಹೋಗಿ ತಮ್ಮ ತಮ್ಮ ಜಾಗದಲ್ಲಿ ನಿಂತರು, ಬೋರ ಮತ್ತೆ ಕೈ ಎತ್ತಿದ. ಆಟ ಮುಗಿಯುವವರೆಗೆ ಅವನು ಕೈ ಎತ್ತುವುದನ್ನು ಬಿಡಲಿಲ್ಲ.

ದೂರದಿಂದ ನೋಡಿದ ಜನಕ್ಕೆ ಅದು ಹೇಗೆ ಕಂಡಿರಬೇಕು, ಊಹಿಸಿ. ಎದುರಾಳಿ ಬಂದಾಗಲೆಲ್ಲ ತಡೆಯಬೇಕಾದವನೇ ಪಕ್ಕಕ್ಕೆ ಸರಿದು ಕೈ ಎತ್ತಿ ದಾರಿ ಬಿಡುತ್ತಾನೆ. ಸಾಲದ್ದಕ್ಕೆ ಬೆಳಿಗ್ಗೆ ಸ್ಟೇಷನ್ನಿನ ಹೋಟೆಲಿನಲ್ಲಿ ಮಂಡ್ಯದ ಆಟಗಾರನೊಬ್ಬ ಅವನಿಗೆ ವಡೆ ಕೊಡಿಸಿದ್ದನ್ನು ಹಲವರು ಕಂಡಿದ್ದರು. ಆ ಆಟಗಾರ ಅವನ ಸೋದರಮಾವನ ಮಗ. ಮದ್ದೂರಿಗೆ ಬಂದ ನೆಂಟನಿಗೆ ವಡೆ ಕೊಡಿಸದವನು ನಮ್ಮ ಸೀಮೆಯಲ್ಲಿ ಮನುಷ್ಯನೇ ಅಲ್ಲ. ಆದರೆ ಅನುಮಾನಕ್ಕೆ ಇಷ್ಟು ಸಾಕಾಯಿತು. “ವಡೆ ಎಂಗಿತ್ಲಾ ಬೋರ?” ಎಂದು ಗುಂಪಿನಿಂದ ಯಾರೋ ಕೂಗಿದರು. ಮದ್ದೂರು ವಡೆಯ ಗರಿಗರಿಯನ್ನು ಎಷ್ಟೋ ಜನ ಹೊಗಳಿದ್ದಾರೆ. ಅದರ ಮೇಲೆ ಒಬ್ಬ ಹುಡುಗನ ಭವಿಷ್ಯವನ್ನು ತೂಗಿದವರು ನಮ್ಮವರು ಮಾತ್ರ.

ಆಗ ಹೆಡ್‌ಮಾಸ್ಟರು ಸಮಿತಿಯವರ ಕೈಯಿಂದ ಪ್ರಕಟಣೆಯ ತಗಡಿನ ಕಹಳೆಯನ್ನು ತೆಗೆದುಕೊಂಡರು. ತಮ್ಮ ಶಾಲೆ ಸೋತಿಲ್ಲವೆಂದೂ, ಒಬ್ಬ ಹುಡುಗ ಮಾತ್ರ ತನ್ನನ್ನು ಮಾರಿಕೊಂಡನೆಂದೂ, ಅಂಥವನ ನಡತೆಗೆ ತಾವು ಸಾಕ್ಷಿ ಹೇಳಲಾರೆವೆಂದೂ ಸಾರಿದರು. ಅಚ್ಚಕನ್ನಡದಲ್ಲಿ ಸಾರಿದರು. ಅಂದು ಮೈದಾನದಲ್ಲಿ ಹುಡುಗರಿಗೆ ತಿಳಿಯುವ ಭಾಷೆಯಲ್ಲಿ ಆಡಿದ ಮಾತು ಅದೊಂದೇ. ಹೊಂಗೆಮರದ ಬುಡದಲ್ಲಿದ್ದ ಬೋರನ ತಂದೆ ಎದ್ದರು, ಎತ್ತುಗಳನ್ನು ಗಾಡಿಗೆ ಕಟ್ಟಿದರು. ಬೋರ ಹತ್ತಿರ ಬಂದಾಗ ಅವರು ಬಯ್ಯಲಿಲ್ಲ.

“ಅತ್ಲಾ ಗಾಡಿ. ಊರ್‌ಗೋಗವ. ಓದಿದ್ದು ಸಾಕು,” ಎಂದರು.

ಮರುದಿನ ಬೆಳಿಗ್ಗೆ ಅತ್ತೆಯ ಮನೆಯ ಜಗಲಿಯಲ್ಲಿ ಅಪ್ಪ ಕಾಫಿಯನ್ನು ಮುಂದಿಟ್ಟುಕೊಂಡು ಕುಡಿಯದೆ ಕುಳಿತಿದ್ದರು. ಅಲ್ಲಿಗೂ ಬಂದಿದ್ದ ನಮ್ಮಜ್ಜಿಯ ಅಳಗುಳಿ ಮಣೆ ಪಕ್ಕದಲ್ಲಿತ್ತು. ಅಜ್ಜಿ ದೇವರ ಪೆಟ್ಟಿಗೆಯನ್ನು ಮರೆತರೂ ಮಣೆಯನ್ನು ಬಿಟ್ಟು ಪ್ರಯಾಣ ಮಾಡುತ್ತಿರಲಿಲ್ಲ. ನಾನು ಆಫ್‌ಸೈಡೆಂದರೆ ಏನೆಂದು ಕೇಳಿದೆ. ಅಪ್ಪ ಮಣೆಯ ಮೇಲೆ ಹುಣಸೆ ಬೀಜಗಳನ್ನು ಆಟಗಾರರಾಗಿ ಇಟ್ಟರು, ಒಂದು ಗುಲಗಂಜಿಯನ್ನು ಚೆಂಡು ಮಾಡಿದರು. ಎಲ್ಲಿ ನಿಂತಿದ್ದಾನೆ ಎಂಬುದಷ್ಟೇ ಅಲ್ಲ, ಚೆಂಡು ಒದ್ದ ಗಳಿಗೆಯಲ್ಲಿ ಎಲ್ಲಿದ್ದ ಎಂಬುದು ಮುಖ್ಯ ಎಂದರು. ಅದು ಅಜ್ಜಿಯ ಅಡಿಗೆಮನೆಯ ಹಾಗೆ ಎಂದೆ: ನೈವೇದ್ಯಕ್ಕೆ ಮುಂಚೆ ಹೊಸಿಲು ದಾಟಿದರೆ ಏಟು, ಆಮೇಲೆ ದಾಟಿದರೆ ಪಾಯಸ, ಹೊಸಿಲು ಒಂದೇ. ಅಪ್ಪ ಮೊದಲ ಸಲ ನಕ್ಕರು. ಚೆಂಡಿಗೂ ಮಡಿ ಬಂತೇ ಎಂದು ಅಜ್ಜಿ ಒಳಗಿನಿಂದಲೇ ಗೊಣಗಿದರು.

ಆಮೇಲೆ ಅಪ್ಪ ದೇವರ ಬೀಜ, ಪೂಜಾರಿಯ ಬೀಜ, ತಳವಾರನ ಬೀಜ ಎಂದು ಮೂರನ್ನು ಸಾಲಾಗಿ ಇಟ್ಟು, ತಳವಾರನನ್ನು ಎತ್ತಿ ತಮ್ಮ ಮುಷ್ಟಿಯಲ್ಲಿ ಮುಚ್ಚಿಕೊಂಡರು. ಈ ನಿಯಮವನ್ನು ಇಂಗ್ಲೆಂಡಿನಲ್ಲಿ ಎಷ್ಟೋ ವರ್ಷಗಳ ಹಿಂದೆಯೇ ಬದಲಿಸಿದ್ದಾರಂತೆ. ಈಗ ಇಬ್ಬರಿದ್ದರೆ ಸಾಕು, ಮೂವರು ಬೇಕಿಲ್ಲ. ರೆಫರಿ ಬಿಡುವಿನಲ್ಲಿ ಹೇಳಿದ್ದು ಇದನ್ನೇ. ಪಕ್ಕದಲ್ಲಿ ನಿಂತಿದ್ದ ಅಪ್ಪನಿಗೂ ಕೇಳಿಸಿತ್ತು. ನನಗೆ ಎಲ್ಲವೂ ಒಮ್ಮೆಗೇ ಅರ್ಥವಾಯಿತು. ತಳವಾರನನ್ನು ಕೆಲಸದಿಂದ ತೆಗೆದಿದ್ದರು. ತಳವಾರನಿಗೆ ಮಾತ್ರ ತಿಳಿಸಿರಲಿಲ್ಲ.

“ಹಾಗಾದರೆ ಬೋರ ಮಾರಿಕೊಳ್ಳಲಿಲ್ಲ?”

“ಇಲ್ಲಮ್ಮ. ಕಲಿಸಿದ ಹಾಗೆ ಆಡಿದ.”

“ಹೆಡ್‌ಮಾಸ್ಟರಿಗೆ ಗೊತ್ತೇ?”

“ಗೊತ್ತು.”

“ನೀವು ಹೇಳಲಿಲ್ಲವೇ?”

ಅಪ್ಪ ಮುಷ್ಟಿ ಬಿಚ್ಚಿ ಬೀಜವನ್ನು ಮಣೆಯ ಮೇಲಿಟ್ಟರು. “ಹೇಳೋಣ. ಸಮಯ ಬರಲಿ,” ಎಂದರು.

ಸಮಯವೆಂಬುದು ನಮ್ಮ ಕಡೆಯ ಬಸ್ಸಿನಂತೆ. ಕಾದು ಕೂತವರಿಗೆ ಬರುವುದಿಲ್ಲ. ಹೆಡ್‌ಮಾಸ್ಟರು ನಿಯಮ ತಿಳಿಯದ ಶಾಲೆಯೆಂಬ ಅಪಕೀರ್ತಿಗಿಂತ ದ್ರೋಹಿಯೊಬ್ಬನಿದ್ದ ಶಾಲೆಯೆಂಬ ಹೆಸರು ಮೇಲೆಂದು ಎಣಿಸಿದರು. ವಿದ್ಯಾರ್ಥಿನಿಲಯದ ಸ್ಥಳ ಬೇರೊಬ್ಬನಿಗೆ ಹೋಯಿತು. ಹವಾಲ್ದಾರ್ ಮೇಷ್ಟ್ರು, ತಮ್ಮ ಲೆಕ್ಕವೇ ಸರಿಯೆಂದು ನಂಬಿಕೊಂಡೇ, ಕೆಲಸ ಬಿಟ್ಟು ಊರಿಗೆ ಹೋದರು. ನನ್ನ ತಂದೆ ಸಾತ್ತ್ವಿಕರು, ಇಂದಿಗೂ ನನಗೆ ಪೂಜ್ಯರು. ಆದರೆ ಅಂದಿನ ಅವರ ಮೌನ ಅನ್ಯಾಯವೇ. ಅದನ್ನು ಅವರೆದುರೇ ಹೇಳಿದ್ದೇನೆ. ಅವರು ಅಲ್ಲವೆನ್ನಲಿಲ್ಲ.

ಅಳಗುಳಿ ಮಣೆಯ ಮುಂದೆ ಆ ಹುಡುಗಿ ಎತ್ತಿದ ಕೈಯನ್ನು ಕಂಡ ವಾರದಲ್ಲೇ ಮಳವಳ್ಳಿಗೆ ಹೋಗಲು ಮದ್ದೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಬೆಲ್ಲದ ಮೂಟೆ ಇಳಿಸುತ್ತಿದ್ದ ಗಾಡಿಗಳ ಸಾಲಿನಿಂದ ಒಬ್ಬ ಎತ್ತರದ ಯುವಕ ಬಂದು, ಮೇಷ್ಟರ ಮಗಳಲ್ಲವೇ ಎಂದು ಕೇಳಿದ. ಕಂಠ ಬದಲಾಗಿತ್ತು; ನಿಂತ ಭಂಗಿ ಬದಲಾಗಿರಲಿಲ್ಲ. ಹೊಳೆಯಾಚೆಗೆ ಚೆಂಡು ಹೋದೀತೇನೋ ಎಂಬಂತೆ ತುಸು ಮುಂದೆ ಬಾಗಿ ನಿಲ್ಲುವ ಬೋರ. ಹೋಟೆಲಿನ ಹುಡುಗ ಬಿಸಿ ವಡೆಯ ತಟ್ಟೆ ಹಿಡಿದು ಬಂದಾಗ ಅವನಿಗೂ ಕೊಡಿಸಹೋದೆ. ಅವನು ನಕ್ಕು ಕೈಯಾಡಿಸಿದ.

“ವಡೆ ಬ್ಯಾಡಿ ಅಮ್ಮಾವ್ರೇ. ಯಾರಾರ ನೋಡಾರು.”

ನಾನು ನಗಲಾರದೆ, ನಿಯಮ ಬದಲಾಗಿದ್ದ ಸಂಗತಿಯನ್ನು ತಡೆತಡೆದು ಹೇಳತೊಡಗಿದೆ. ಅವನು ಅರ್ಧಕ್ಕೇ ತಡೆದ. ಮಾವನ ಮಗ ಎಂದೋ ಹೇಳಿದ್ದನಂತೆ. “ನಾ ನಿಂತಿದ್ ಜಾಗ ಸರ್‍ಯಾಗೇ ಇತ್ತು ಬುಡಿ. ಕಾನೂನೇ ಎದ್ದೋಗಿತ್ತು, ನನ್ಗೊಂದ್ ಮಾತು ಯೋಳ್ದೆ.”

ತಂದೆಗೆ ಇದನ್ನು ತಿಳಿಸಿದೆಯಾ ಎಂದೆ. ಅವನು ಎತ್ತಿನ ಕೊರಳ ಹುರಿಯನ್ನು ಸರಿಪಡಿಸಿದ.

“ನಾ ಯೋಳುದ್ರೆ, ಕಳ್ಳ ತಾನ್ ಕಳ್ಳ ಅಲ್ಲ ಅಂದಂಗಾಯ್ತದೆ. ಎಲ್ರ ಮುಂದೆ ಕಳ್ಳ ಅಂದವ್ರೇ ಎಲ್ರ ಮುಂದೆ ಅಲ್ಲ ಅನ್ಬೇಕು. ನನ್ ಓದು ಮುಗೀತು, ಓಗ್ಲಿ. ನಮ್ಮ ಚಿಕ್ಕೋನು ಲೆಕ್ಕದಾಗೆ ನನ್ಗಿಂತ ಜೋರು. ಈ ವರ್ಸಕ್ಕೆ ಅವ್ನ್ನೂ ಇಸ್ಕೂಲ್ ಬುಡಿಸ್ತೀನಿ ಅಂತವ್ನೆ ನಮ್ಮಪ್ಪ. ಒಬ್ಬ ಓದಿ ಮಾರ್ಕಂಡಿದ್ದು ಸಾಕಂತೆ.”

ಬಸ್ಸು ಬಂತು. ಅವನು ನನ್ನ ಚೀಲವನ್ನು ಮೇಲೆ ಕೊಟ್ಟು, ಗಾಡಿಯ ಕಡೆಗೆ ಹೋದ. ನಿಡಿದಾದ ಆ ಬಲಗೈ ಕಿಟಕಿಯಿಂದ ಬಹಳ ದೂರದವರೆಗೆ ಕಾಣುತ್ತಿತ್ತು. ಬೆಲ್ಲದ ಮೂಟೆಯನ್ನು ಹೆಗಲಿಗೇರಿಸುತ್ತಿತ್ತು.

ನಿಯಮ ತಿಳಿಯದಿರುವುದು ಯಾರ ಅಪರಾಧವೂ ಅಲ್ಲ. ಆಡುವವರು ಓದಲಾಗದ ಭಾಷೆಯಲ್ಲಿ ನಿಯಮವನ್ನು ಇಡುವುದು ಅಪರಾಧ. ಬದಲಾದುದನ್ನು ಬಲ್ಲವರು ಆಟದ ನಡುವೆ ತಮ್ಮತಮ್ಮಲ್ಲೇ ಪಿಸುಗುಟ್ಟಿಕೊಂಡು, ಹುಡುಗನೊಬ್ಬ ಬರಿದೇ ಕೈ ಎತ್ತುವುದನ್ನು ಕೊನೆಯವರೆಗೆ ನೋಡುತ್ತ ಕೂರುವುದು ಅಪರಾಧ. ತಮ್ಮ ಅಜ್ಞಾನವನ್ನು ಆ ಹುಡುಗನ ನಡತೆಗೆ ಒರೆಸುವುದು ಎಲ್ಲಕ್ಕಿಂತ ದೊಡ್ಡ ಅಪರಾಧ.

ಪಂದ್ಯ ಸಮಿತಿಯ ಮಹನೀಯರೇ, ಅಂದಿನ ಹೆಡ್‌ಮಾಸ್ಟರಾದ ಪೂಜ್ಯರೇ, ಈ ಮಾಘದಲ್ಲಿಯೂ ಕಡೆಯ ಆಟ ಮದ್ದೂರಿನ ಅದೇ ಮೈದಾನದಲ್ಲಿ ಎಂದು ಕೇಳಿದ್ದೇನೆ. ನೀವೆಲ್ಲ ಅದೇ ಕುರ್ಚಿಗಳಲ್ಲಿ ಕೂರುವವರಿದ್ದೀರಿ. ನಾನು ಕೇಳುವುದಿಷ್ಟು. ಮೊದಲ ಶೀಟಿಗೆ ಮುಂಚೆ ಆಫ್‌ಸೈಡಿನ ಈಗಿನ ನಿಯಮವನ್ನು, ಇಬ್ಬರ ಲೆಕ್ಕವನ್ನು, ಎರಡೂ ಪಕ್ಷದ ಹುಡುಗರಿಗೆ ಕನ್ನಡದಲ್ಲಿ ಹೇಳಿ. ಬಳಿಕ ಆ ತಗಡಿನ ಕಹಳೆಯನ್ನು ಹೆಡ್‌ಮಾಸ್ಟರೇ ಕೈಗೆ ತೆಗೆದುಕೊಂಡು, ಬೆಳಕವಾಡಿಯ ಬೋರೇಗೌಡ ಆಟವನ್ನು ಮಾರಲಿಲ್ಲ, ನಾವು ಕಲಿಸಿದಂತೆಯೇ ಆಡಿದ, ತಪ್ಪು ನಮ್ಮದು ಎಂದು ಸಾರಲಿ. ಮೆಲ್ಲಗೆ ಬೇಡ, ಇಂಗ್ಲಿಷಿನಲ್ಲಿ ಬೇಡ. ಅವನ ತಂದೆಯನ್ನು ಕರೆತರುವ ಹೊಣೆ ನನ್ನದು. ಅವರು ಹೊಂಗೆಮರದ ಕೆಳಗೆ ಕುಳಿತಿರುತ್ತಾರೆ. ಅಲ್ಲಿಗೆ ಕೇಳಿಸಬೇಕು.